ಬೀಗರು ನೋಡಿದ ಮೂರು ಮನೆ

ರೋಣದ ಗಾದಿ ಅಂಗಡಿ ಶಿವನಪ್ಪನಿಗೆ ಸ್ವಂತದ್ದೊಂದು ಮನೆ ಇತ್ತು. ಅದು ಇವತ್ತು ಯಾವ ಊರಲ್ಲಿದೆ ಎಂದು ಹೇಳುವುದಷ್ಟೇ ಕಷ್ಟವಾಗಿತ್ತು.

ಇದೇನು ಒಗಟಲ್ಲ. ಆ ಮನೆಗೆ ಗಾಲಿಗಳಿದ್ದವು. ದೊಡ್ಡ ಯುದ್ಧ ಮುಗಿದ ಮೇಲೆ ಸರಕಾರ ಹುಬ್ಬಳ್ಳಿಯಲ್ಲಿ ಹರಾಜು ಹಾಕಿದ ಮಿಲಿಟರಿ ದವಾಖಾನೆಯ ಮೋಟಾರು ಅದು. ಊರೂರು ತಿರುಗುವ ಸಿನಿಮಾ ಟೆಂಟಿನ ಮಾಲೀಕನೊಬ್ಬ ಅದನ್ನು ಹಿಡಿದು, ಅದರ ಬೆನ್ನಿನ ಮೇಲೆ ಸಾಗುವಾನಿ ಹಲಗೆಯ ಕೋಣೆ ಕಟ್ಟಿಸಿ, ಎರಡು ಕಿಟಕಿ, ಮಡಚುವ ಮಂಚ, ಒಲೆಗೊಂದು ಗೂಡು, ನೀರಿಗೊಂದು ಹಂಡೆ ಎಲ್ಲ ಮಾಡಿಸಿದ್ದ. ಆಮೇಲೆ ಅವನಿಗೆ ಸಿನಿಮಾ ಸಾಕಾಯಿತೋ ಸಂಸಾರ ಸಾಕಾಯಿತೋ, ಅಂತೂ ಮಾರಲು ನಿಂತ. ಕೊಂಡವರು ಮೂವರು ಗೆಳೆಯರು. ರೋಣದ ಶಿವನಪ್ಪ, ನರಗುಂದದ ಪ್ರಾಣೇಶ ಮಾಸ್ತರರು, ಗಜೇಂದ್ರಗಡದ ಫಕೀರಸಾಬ.

ಮೂವರೂ ಹುಡುಗರಾಗಿದ್ದಾಗ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಒಂದೇ ಬೆಂಚಿನ ಮೇಲೆ ಕೂತವರು. ಇಬ್ಬರು ನಪಾಸಾದರು. ಪಾಸಾದವನು ಪಾಪ, ಮಾಸ್ತರನಾದ. ನಪಾಸಾದವರಲ್ಲಿ ಫಕೀರಸಾಬ ಪಲ್ಟನ್ನಿಗೆ ಸೇರಿ ಬ್ರಹ್ಮದೇಶದ ತನಕ ಲಾರಿ ಹೊಡೆದು ಬಂದ. ಶಿವನಪ್ಪ ಎಲ್ಲಿಗೂ ಹೋಗದೆ ರೋಣದಲ್ಲೇ ಹತ್ತಿ ತುಂಬಿ ಗಾದಿ ಹೊಲಿಯುತ್ತ ಉಳಿದ. ಮೋಟಾರು ಕೊಂಡದ್ದು ಮೂವರೂ ಕೂಡಿ ದೇಶ ತಿರುಗಲಿಕ್ಕೆ. ಆದರೆ ಮೊದಲು ಕಾಶಿಗೆ ಹೋಗಬೇಕೆಂದು ಮಾಸ್ತರರು, ಅಜಮೀರಕ್ಕೆಂದು ಫಕೀರಸಾಬ, ಶ್ರೀಶೈಲಕ್ಕೆಂದು ಶಿವನಪ್ಪ ಹಟ ಹಿಡಿದದ್ದರಿಂದ ಅದು ನರಗುಂದ, ರೋಣ, ಗಜೇಂದ್ರಗಡ ಬಿಟ್ಟು ಬೇರೆ ಊರಿನ ಧೂಳು ಕಾಣಲಿಲ್ಲ. ಒಂದೊಂದು ಊರಲ್ಲಿ ಒಂದೊಂದು ಅಮಾವಾಸ್ಯೆಯ ತನಕ ಇರತಕ್ಕದ್ದು ಎಂದು ಠರಾವಾಯಿತು. ಅದು ನಾವೆಲ್ಲ ಇನ್ನೂ ಮುಂಬಯಿ ಸರಕಾರದ ಕೆಳಗಿದ್ದ ಕಾಲ. ಕನ್ನಡ ನಾಡು ಒಂದಾಗುವ ಮಾತು ಚಾವಡಿ ಚಾವಡಿಯಲ್ಲೂ ನಡೆದಿತ್ತು. "ನಮ್ಮ ಮೋಟಾರಿನಾಗ ಏಕೀಕರಣ ಆಗಿ ಹೋಗೇದ, ದಿಲ್ಲಿಯವರಿಗೆ ಇನ್ನೂ ಸುದ್ದಿ ಮುಟ್ಟಿಲ್ಲ," ಎಂದು ಮಾಸ್ತರರು ಕಂಡವರ ಮುಂದೆಲ್ಲ ಹೇಳುತ್ತಿದ್ದರು.

ಪಾಲು ಹಂಚಿಕೆಯೂ ಸರಿಯಾಗಿಯೇ ಆಗಿತ್ತು. ನಡೆಸುವವನು ಫಕೀರಸಾಬನಾದ್ದರಿಂದ ಮುಂದಿನ ಭಾಗ ಅವನದು. ಒಲೆಯಿದ್ದ ನಡುವಿನ ಭಾಗ ಮಾಸ್ತರರದು, ಯಾಕೆಂದರೆ ಅವರ ಹೆಂಡತಿ ಕಾಶಿಬಾಯಿ ಮಡಿಯ ವಿಷಯದಲ್ಲಿ ಯಾರ ಮಾತನ್ನೂ ಕೇಳುವವರಲ್ಲ. ಬಾಗಿಲಿದ್ದ ಹಿಂದಿನ ಭಾಗ ಶಿವನಪ್ಪನದು. ಇದರ ಮೇಲೆ ಶಿವನಪ್ಪನಿಗೆ ಎಲ್ಲಿಲ್ಲದ ಅಭಿಮಾನ. "ಅವರು ಏನರ ಮಾಡಿಕೊಳ್ಳಲಿ, ಬಾಗಲಾ ನಂದು. ನಾ ತೆರದರ ಒಳಗ, ಇಲ್ಲಂದ್ರ ಹೊರಗ," ಅನ್ನುತ್ತಿದ್ದ.

ಸರಕಾರದವರಿಗೆ ಮಾತ್ರ ಈ ವಸ್ತು ತಲೆನೋವಾಗಿತ್ತು. ಮನೆಪಟ್ಟಿ ಕೇಳಲು ಬಂದವನಿಗೆ ಮಾಸ್ತರರು "ಇದು ಮೋಟಾರಪಾ" ಎಂದು ಗಾಲಿ ತೋರಿಸುತ್ತಿದ್ದರು. ಮೋಟಾರಿನ ಕಾಗದ ಕೇಳಲು ಬಂದ ಫೌಜದಾರನಿಗೆ ಕಿಟಕಿಯಲ್ಲಿಟ್ಟ ತುಳಸಿ ತೋರಿಸಿ, "ತುಳಸಿ ಇದ್ದದ್ದು ಮನಿ ಅಲ್ಲೇನ್ರಿ?" ಅನ್ನುತ್ತಿದ್ದರು. ಫೌಜದಾರ ಟೋಪಿ ತೆಗೆದು ತುಳಸಿಗೆ ಕೈ ಮುಗಿದು ಹೋಗಿದ್ದ.

ಆದರೆ ಊರ ಹೆಂಗಸರನ್ನು ಹಾಗೆ ಕಳಿಸಲು ಬರುವುದಿಲ್ಲ. ರೋಣದಲ್ಲಿ ಶಿವನಪ್ಪ ಬಾಡಿಗೆಗಿದ್ದ ಮನೆಯ ಪಕ್ಕದ ತಿಪ್ಪವ್ವ ಮೋಟಾರನ್ನು ಒಂದು ಸುತ್ತು ಹಾಕಿ ನೋಡಿ, ಮೂಗಿನ ಮೇಲೆ ಬೆರಳಿಟ್ಟಳು. "ಕಟ್ಟಿ ಇಲ್ಲದ್ದು ಯಾವ ಮನಿಯವ್ವ? ಬಂದವ್ರು ಎಲ್ಲಿ ಕೂಡ್ರಬೇಕು, ಗಾಲಿ ಮ್ಯಾಲೇನು?" ಶಿವನಪ್ಪನ ಹೆಂಡತಿ ಕಳಕವ್ವನಿಗೆ ಈ ಮಾತು ನಾಟಿತು. ನಮ್ಮ ಕಡೆ ಮನೆ ಎಷ್ಟೇ ದೊಡ್ಡದಿರಲಿ, ಮುಂದೆ ಕಾಲು ಇಳಿಬಿಟ್ಟು ಕೂಡ್ರಲು ಕಟ್ಟೆ ಇಲ್ಲದಿದ್ದರೆ ಅದನ್ನು ಮನೆ ಅಂತ ಯಾರೂ ಒಪ್ಪುವುದಿಲ್ಲ. ಕಳಕವ್ವ ಅನ್ನ ಬಿಡುವುದಾಗಿ ಹೆದರಿಸಿ, ಮೂರೂ ಊರಲ್ಲಿ ಮೋಟಾರು ನಿಲ್ಲುವ ಜಾಗದ ಮುಂದೆ ಒಂದೊಂದು ಕಲ್ಲಿನ ಕಟ್ಟೆ ಕಟ್ಟಿಸಿದಳು. ಫಕೀರಸಾಬ ಮೋಟಾರನ್ನು ಹಿಂದಕ್ಕೆ ತಂದು ಕಟ್ಟೆಗೆ ಹೊಂದಿಸಿ ನಿಲ್ಲಿಸಿದರೆ ಗಾಲಿಗಳು ಅದರ ಮರೆಗೆ ಹೋಗುತ್ತಿದ್ದವು. ಇಂಜಿನ್ನಿನ ಮೂತಿಗೆ ಬಿಸಿಲು ಬಡಿಯಬಾರದೆಂದು ಶಿವನಪ್ಪ ಅದಕ್ಕೆ ಹಳೆಯ ಕೌದಿ ಹೊಚ್ಚುತ್ತಿದ್ದ. ಹಾಗೆ ನಿಂತಾಗ ಅದು ಮನೆಯಲ್ಲ ಅನ್ನಲು ಯಾರಪ್ಪನಿಗೂ ಸಾಧ್ಯವಿರಲಿಲ್ಲ. ಮುಂದಿನ ಅನಾಹುತಕ್ಕೆಲ್ಲ ಈ ಕಟ್ಟೆಗಳೇ ಕಾರಣವೆಂದು ನನ್ನ ಅಭಿಪ್ರಾಯ.

ಅನಾಹುತ ಶುರುವಾದದ್ದು ಶಿವನಪ್ಪನ ಮಗ ದೇವಪ್ಪನ ಮದುವೆಯ ಮಾತಿನಿಂದ. ಹುಡುಗ ಚಲೋ, ಕಸುಬು ಚಲೋ, ಆದರೆ ಎರಡು ಕಡೆಯ ಹೆಣ್ಣಿನವರು ಬಂದು ಬಾಡಿಗೆಯ ಎರಡು ಕೋಣೆ ನೋಡಿ, ಚಹಾ ಕುಡಿದು, "ಹೇಳಿ ಕಳಸ್ತೇವ್ರಿ" ಎಂದು ಹೋದವರು ಇವತ್ತಿಗೂ ಹೇಳಿ ಕಳಿಸಿಲ್ಲ. ಈಗ ಮೂರನೆಯದಾಗಿ ಹೊಳೆದಂಡೆಯ ಮೆಣಸಗಿಯ ಲಕ್ಷ್ಮಪ್ಪನ ಮಗಳು ನೀಲವ್ವನ ಮಾತು ಬಂದಿತ್ತು. ದೇವಪ್ಪ ಆಕೆಯನ್ನು ಇಟಗಿಯಲ್ಲಿ ಭೀಮಾಂಬಿಕೆಯ ದರ್ಶನಕ್ಕೆ ಹೋದಾಗ ಒಂದು ಸಲ ನೋಡಿದ್ದ. ಅಂದಿನಿಂದ ಅವನು ಹೊಲಿದ ಗಾದಿಗಳಲ್ಲಿ ಒಂದು ಕಡೆ ಹತ್ತಿ ಗುಡ್ಡೆಯಾಗುತ್ತಿತ್ತು, ಇನ್ನೊಂದು ಕಡೆ ಬರೀ ಬಟ್ಟೆ. ಇದೂ ತಪ್ಪಿದರೆ ಮಗನೂ ಹೋದ, ಅಂಗಡಿಯೂ ಹೋಯಿತು ಎಂದು ಶಿವನಪ್ಪನಿಗೆ ಅನ್ನಿಸಿತ್ತು.

ಲಕ್ಷ್ಮಪ್ಪ ಅಂಗಡಿಗೆ ಬಂದ. ಹೊಸ ಗಾದಿಗೆ ಬೆನ್ನು ಹಚ್ಚಿ ಕೂತು, ಎಲೆಗೆ ಸುಣ್ಣ ಹಚ್ಚುತ್ತ ಮಾತು ತೆಗೆದ.

"ಹುಡುಗನ ವಿಚಾರದಾಗ ಎರಡು ಮಾತಿಲ್ರಿ. ಮನಿ ಸ್ವಂತದ್ದೋ, ಬಾಡಗೀದೋ?"

ದೇವಪ್ಪನ ಕೈಯಲ್ಲಿದ್ದ ದಬ್ಬಣ ನಿಂತಿತು. ಶಿವನಪ್ಪ ಮಗನ ಮುಖ ನೋಡಿದ. ಆಮೇಲೆ ಎದೆ ಉಬ್ಬಿಸಿದ.

"ಸ್ವಂತದ್ದರಿ!"

"ಹೌದಾ? ಎಲ್ಲೈತ್ರಿ?"

"ಈಗ ನರಗುಂದದಾಗ ಐತ್ರಿ. ಅಮಾಸಿ ಆಗಿಂದ ಗಜೇಂದ್ರಗಡದಾಗ ಆಗತೈತಿ. ಅದರ ಮುಂದಿಂದು ಇಲ್ಲೆ ರೋಣದಾಗ."

ಇದರಲ್ಲಿ ಸುಳ್ಳಿನ ಒಂದು ಎಳೆಯೂ ಇರಲಿಲ್ಲ. ಅದೇ ಕೇಡಾಯಿತು. ಲಕ್ಷ್ಮಪ್ಪ ಎಲೆ ಅಗಿಯುವುದನ್ನು ಮರೆತು ಎದ್ದ. ಮೆಣಸಗಿಗೆ ಹೋದವನೇ ತಾಯಿ ಗಾಳೆವ್ವನ ಮುಂದೆ ಒದರಿದ: "ಅವ್ವಾ, ಭಾರಿ ಕುಳ ಸಿಕ್ಕೈತಿ! ನರಗುಂದದಾಗ ಮನಿ ಐತಿ, ಗಜೇಂದ್ರಗಡದ್ದು ಅಮಾಸಿಗೆ ತಯಾರಾಗತೈತಿ, ರೋಣದ್ದು ಅದರ ಬೆನ್ನ ಹಿಂದ. ಗಾದಿ ಹೊಲದಂಗ ಮನಿ ಕಟ್ಟಸ್ತಾನ ಆ ಮನಶ್ಯಾ!"

ಗಾಳೆವ್ವ ಊರಿಗೇ ಹಿರಿಯಳು. ಹಲ್ಲು ಹೋಗಿದ್ದವು, ಕಣ್ಣು ಹೋಗಿರಲಿಲ್ಲ. "ಮನಿ ಕಿವೀಲೆ ನೋಡಬಾರದಪಾ, ಕಣ್ಣೀಲೆ ನೋಡಬೇಕು," ಅಂದಳು. "ಮೂರೂ ನೋಡೂಣು. ಅಮಾಸಿ ಆಗಲಿ."

ಈ ಮಾತು ರೋಣಕ್ಕೆ ಬಂದು ಮುಟ್ಟಿದಾಗ ಕಳಕವ್ವ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟು ಹತ್ತಿದ ಕೈಯನ್ನು ಗಂಡನ ಮುಂದೆ ಚಾಚಿ ಕೇಳಿದಳು.

"ಮೂರು ಮನಿ ಅದಾವಂತ ಹೇಳೀರೇನ್ರಿ?"

"ಮೂರು ಊರು ಅಂದೀನಿ. ಮನಿ ಎಷ್ಟು ಅಂತ ಅವರು ಕೇಳಲೇ ಇಲ್ಲ."

"ಹಂಗಾದ್ರ ಖರೇ ಏನೈತಿ ಹೇಳಿ ಬಿಡ್ರಿ, ಇನ್ನೂ ಹೊತ್ತು ಮೀರಿಲ್ಲ."

"ಹೇಳತೇನಿ. ನೀ ಹೋಗಿ ಮಗನ ಮಾರಿ ನೋಡಿ ಬಾ, ಆಮ್ಯಾಲೆ ಹೇಳತೇನಿ."

ಕಳಕವ್ವ ಹೋಗಿ ನೋಡಿ ಬಂದಳು. ಮತ್ತೆ ಆ ಮಾತು ಎತ್ತಲಿಲ್ಲ.

ಪಾಲುದಾರರ ಸಭೆ ಸೇರಿತು. ಪ್ರಾಣೇಶ ಮಾಸ್ತರರು ನಶ್ಯ ಏರಿಸಿ ತೀರ್ಪು ಕೊಟ್ಟರು. "ಶಿವನಪ್ಪಾ, ಸುಳ್ಳು ಹೇಳಬ್ಯಾಡ. ಆದ್ರ ಕೇಳದ ಪ್ರಶ್ನೇಕ್ಕ ಉತ್ತರ ಬರಿಲಿಕ್ಕೂ ಹೋಗಬ್ಯಾಡ. ಹಂಗ ಬರದಽ ನೀವಿಬ್ಬರೂ ಮುಲ್ಕಿ ನಪಾಸಾದ್ರಿ."

ಫಕೀರಸಾಬ ಮೀಸೆ ತಿರುವಿದ. "ಅವರು ಬಸ್ಸಿಗೆ ಬರಲಿ. ನಾ ಮನಿ ತರತೇನಿ. ಬಾಂಬ್ ಬೀಳೂ ರಸ್ತಾದಾಗ ಲಾರಿ ಹೊಡದಾವ ನಾನು, ಬಸ್ಸಿಗಿಂತ ಮೊದಲ ಮನಿ ಮುಟ್ಟಿಸಾಕ ಆಗಂಗಿಲ್ಲೇನು?"

ಅಮಾವಾಸ್ಯೆ ಆದ ಮರುದಿನವೇ ಲಕ್ಷ್ಮಪ್ಪನೂ ಗಾಳೆವ್ವನೂ ನರಗುಂದಕ್ಕೆ ಬಂದಿಳಿದರು. ಗುಡ್ಡದ ಬುಡದಲ್ಲಿ ಪ್ರಾಣೇಶ ಮಾಸ್ತರರ ಹಿತ್ತಲು, ಅದರಲ್ಲಿ ಮನೆ. ಕಟ್ಟೆಗೆ ಸೆಗಣಿ ಸಾರಿಸಿ ರಂಗೋಲಿ ಹಾಕಿತ್ತು. ಗಾಳೆವ್ವ ಕಾಲಿಗೆ ನೀರು ತಗೊಂಡು ಕಟ್ಟೆ ಹತ್ತಿ, ಹೊಸ್ತಿಲು ಮುಟ್ಟಿ ನಮಸ್ಕಾರ ಮಾಡಿ ಒಳಗೆ ಕಾಲಿಟ್ಟಳು. ಮನೆ ಒಂದು ಸಲ ಮೈ ಮುರಿಯಿತು.

"ಮನಿ ಅಳ್ಳಾಡತೈತಲ್ಲಪಾ?"

"ಹೊಸಾದೈತ್ರಿ ಅವ್ವಾರ," ಅಂದ ಶಿವನಪ್ಪ. "ಇನ್ನೂ ನೆಲಕ್ಕ ಕುಂತಿಲ್ಲ."

ಲಕ್ಷ್ಮಪ್ಪ ಗೋಡೆಯನ್ನು ಗೆಣ್ಣಿನಿಂದ ಬಡಿದು ನೋಡಿದ. ಸಾಗುವಾನಿ ಟಣ್ ಅಂದಿತು. ಅವನ ಕಣ್ಣು ಅರಳಿದವು. "ಗ್ವಾಡಿಗೆಲ್ಲಾ ಸಾಗವಾನಿ! ಅವ್ವಾ, ನಮ್ಮೂರ ಗೌಡರ ಮನ್ಯಾಗ ಬಾಗಲಕ್ಕೂ ಇಲ್ಲಿದು!" ಶಿವನಪ್ಪನ ಕುತ್ತಿಗೆ ಎರಡು ಬೆರಳು ಉದ್ದವಾಯಿತು. ಅಷ್ಟರಲ್ಲಿ ನೆರೆಮನೆಯ ಮಾಯವ್ವ ಗೋಡೆಯ ಮೇಲಿಂದ ಇಣುಕಿದಳು. ಆಕೆಗೆ ಪಾಪ, ಏನೂ ಗೊತ್ತಿರಲಿಲ್ಲ.

"ಶಿವಣ್ಣಾರ, ಮನಿ ಇವತ್ತ ಹೊಂಡತೈತೋ ನಾಳಿಗೋ? ಹೊಂಟ ಮ್ಯಾಲೆ ಆ ಜಾಗಾದಾಗ ಸಗಣಿ ಕುಳ್ಳು ಒಣಗಿಸಬೇಕಾಗಿತ್ರಿ!"

ಲಕ್ಷ್ಮಪ್ಪ ಬಾಯಿ ತೆರೆದ. ಮಾಸ್ತರರು ಅವನಿಗಿಂತ ಮೊದಲು ತೆರೆದರು. "ಮನಿ ಮಂದಿ ಯಾವಾಗ ಹೊಂಡತಾರ ಅಂತ ಕೇಳಲಿಕ್ಕೆ ಹತ್ತಾಳ್ರಿ. ಈ ಓಣಿಯೊಳಗ ಮಾತು ಸ್ವಲ್ಪ ಗಿಡ್ಡ!" ಮಾಯವ್ವನನ್ನು ಕಾಶಿಬಾಯಿ ಕೈ ಹಿಡಿದು ಎಳೆದುಕೊಂಡು ಹೋದರು. ಎಲ್ಲರೂ ಹೋಳಿಗೆ ಉಂಡರು. ಬೀಗರು ನರಗುಂದದಲ್ಲೇ ಇದ್ದ ತಮ್ಮ ನೆಂಟರ ಮನೆಗೆ ವಸ್ತಿಗೆ ಹೋದ ಕೂಡಲೇ ಫಕೀರಸಾಬ ಇಂಜಿನ್ನಿನ ಮೇಲಿನ ಕೌದಿ ಎಳೆದ.

ಮರುದಿನ ಬೀಗರು ರೋಣದಲ್ಲಿ ಬಸ್ಸು ಬದಲಿಸಿ ಗಜೇಂದ್ರಗಡಕ್ಕೆ ಬಂದರು. ಗಾಳೆವ್ವ ದಾರಿಯುದ್ದಕ್ಕೂ ಚಡಪಡಿಸಿದ್ದಳು. ಎಲೆ ಅಡಿಕೆಯ ಸಂಚಿಯನ್ನು ನರಗುಂದದಲ್ಲಿ ಮರೆತು ಬಂದಿದ್ದಳಂತೆ. ಕೋಟೆಗುಡ್ಡದ ಕೆಳಗೆ ಫಕೀರಸಾಬನ ಬಯಲಲ್ಲಿ ಮನೆ ಅಚ್ಚುಕಟ್ಟಾಗಿ ನಿಂತಿತ್ತು. ಬಾಗಿಲಲ್ಲಿ ಕಳಕವ್ವ ಆರತಿ ಹಿಡಿದು ನಿಂತಿದ್ದಳು. ಅವಳ ತಲೆಯ ಮೇಲೆ ಇನ್ನೂ ದಾರಿಯ ಧೂಳಿತ್ತು.

"ನಮಗಿಂತ ಮೊದಲ ಬಂದ್ಯಾ ತಂಗಿ?"

"ಮನಿ ಬಿಟ್ಟು ನಾ ಎಲ್ಲಿರಲಿ ಅವ್ವಾರ?" ಅಂದಳು ಕಳಕವ್ವ.

ಗಾಳೆವ್ವ ಒಳಗೆ ಬಂದು ಕೂತಳು. ನಿನ್ನೆಯ ರೂಢಿಯೋ ಏನೋ, ಅವಳ ಕೈ ತಾನಾಗಿ ಕಿಟಕಿಯ ಪಕ್ಕದ ಗೂಟಕ್ಕೆ ಹೋಯಿತು. ಸಂಚಿ ತೆಗೆಯಿತು. ಎಲೆ ಒರೆಸಿ, ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮಡಚಿ ಬಾಯಿಗೆ ಹಾಕಿಕೊಂಡಳು. ಎರಡು ಸಲ ಅಗಿದಳು. ಆಮೇಲೆ ಬಾಯಿ ನಿಂತಿತು.

"ಲಕ್ಷ್ಮಪ್ಪಾ, ನಾನು ಸಂಚಿ ಎಲ್ಲಿ ಮರತಿದ್ನೋ?"

"ನರಗುಂದದಾಗ ಅವ್ವಾ. ಹಾದಿತುಂಬ ಅದನ್ನ ಹೇಳಿ ತಲಿ ತಿಂದೀಯಲ್ಲ."

"ಈಗ ನಾವು ಎಲ್ಲಿ ಅದೀವಿ?"

"ಗಜೇಂದ್ರಗಡದಾಗ."

ಗಾಳೆವ್ವ ಸಂಚಿ ನೋಡಿದಳು, ಗೂಟ ನೋಡಿದಳು, ಕಳಕವ್ವನನ್ನು ನೋಡಿದಳು. ಕಳಕವ್ವ ಮಾಳಿಗೆ ನೋಡಿದಳು. ಶಿವನಪ್ಪನ ಅಂಗಿ ಬೆನ್ನಿಗೆ ಅಂಟಿತು. ಆಗ ಫಕೀರಸಾಬ ಧೈರ್ಯ ಮಾಡಿ ಮುಂದೆ ಬಂದ.

"ನಾನ ತಂದೇನ್ರಿ ಅವ್ವಾರ, ನಿನ್ನೆ ನರಗುಂದದಿಂದ ಬರೂಮುಂದ!"

"ಸಂಚಿ ಒಂದ ತಂದ್ಯೋ, ಮತ್ತೇನರ ತಂದ್ಯೋ?"

ಫಕೀರಸಾಬ ದೇವರಿಗೆ ಹೆದರುವ ಮನುಷ್ಯ. "ಎಲ್ಲಾ ತಂದೇನ್ರಿ," ಅಂದ.

ಲಕ್ಷ್ಮಪ್ಪನಿಗೆ ಇದಾವುದರ ಕಡೆಗೂ ಲಕ್ಷ್ಯವಿರಲಿಲ್ಲ. ಅವನು ಮತ್ತೆ ಗೋಡೆ ಬಡಿಯುತ್ತಿದ್ದ. "ಇಲ್ಲೂ ಸಾಗವಾನಿ! ಆದ್ರ ಬೀಗರ, ಎರಡೂ ಮನಿ ಒಂದ ನಮೂನಿ ಅದಾವಲ್ಲ?"

"ಒಬ್ಬಾವ ಬಡಿಗ್ಯಾನ ಮಾಡಿದ್ದರಿ," ಅಂದ ಶಿವನಪ್ಪ.

"ಅಲ್ಲಿ ಕಿಡಕಿಗೆ ಬಿದ್ದ ಬಿರುಕು ಇಲ್ಲೂ ಐತಲ್ಲ, ಅದನ್ನೂ ಅವನ ಮಾಡ್ಯಾನೇನು?" ಅಂದಳು ಗಾಳೆವ್ವ. ಉತ್ತರಕ್ಕೆ ಕಾಯದೆ ಎಲೆ ಅಗಿಯತೊಡಗಿದಳು.

ಮೂರನೆಯ ದಿನ ಬೀಗರು ಗುಡ್ಡ ಹತ್ತಿ ಕಾಲಕಾಲೇಶ್ವರನಿಗೆ ಕಾಯಿ ಒಡೆಸಿ ಬಂದು ರೋಣದ ಬಸ್ಸು ಹತ್ತಿದರು. ಇತ್ತ ಮೋಟಾರು ಅವತ್ತೇ ಸೊಕ್ಕಿತು. ಫಕೀರಸಾಬ ಇಂಜಿನ್ನಿನ ಮೂತಿಗೆ ಸಲಾಕೆ ಹಾಕಿ ತಿರುವಿದ, ಬಯ್ದ, ಮುದ್ದು ಮಾಡಿದ. ಅದು ಹೊರಟಾಗ ಬಸ್ಸು ಹೋಗಿ ಬಹಳ ಹೊತ್ತಾಗಿತ್ತು. ಫಕೀರಸಾಬನ ಪಕ್ಕದಲ್ಲಿ ಶಿವನಪ್ಪ ಹಲ್ಲು ಕಚ್ಚಿ ಕೂತಿದ್ದ. ಒಳಗೆ ಕಳಕವ್ವ ಪಾತ್ರೆ ಹಿಡಿದುಕೊಂಡಿದ್ದಳು, ಮಾಸ್ತರರು ಹಂಡೆ ಹಿಡಿದುಕೊಂಡಿದ್ದರು. ರೋಣದಲ್ಲಿ ದೇವಪ್ಪ ಕಟ್ಟೆ ತೊಳೆದು ಕಾಯುತ್ತಿದ್ದ. ಆ ಕಟ್ಟೆಯ ಹಿಂದೆ ಬೀಗರು ಬರುವ ಮೊದಲು ಮನೆ ನಿಲ್ಲಬೇಕು, ಇಲ್ಲವೆಂದರೆ ಮದುವೆ ಇಲ್ಲ.

ಇಟಗಿಯ ಹಾದಿ ದಾಟಿ ಸ್ವಲ್ಪ ದೂರ ಬಂದಿದ್ದರು. ಫಕೀರಸಾಬ ಕಣ್ಣಿಗೆ ಕೈ ಅಡ್ಡ ಹಿಡಿದ.

"ಶಿವಣ್ಣಾ, ಮುಂದ ಬಸ್ಸು ನಿಂತೈತಿ. ಟಾಯರ ಹೋಗಿರಬೇಕು."

ಬಸ್ಸು ಒಂದು ಕಡೆ ವಾಲಿಕೊಂಡು ನಿಂತಿತ್ತು. ಮಂದಿಯೆಲ್ಲ ಇಳಿದು ಬಿಸಿಲಲ್ಲಿ ನಿಂತಿದ್ದರು. ಎರೆ ಹೊಲದ ಬಯಲು. ಒಂದು ಗಿಡದ ನೆರಳಿಲ್ಲ.

"ಛಲೋ ಆತು!" ಎಂದು ಒಳಗಿನಿಂದ ಮಾಸ್ತರರು ಕೂಗಿದರು. "ದೇವರು ಕಣ್ಣು ತೆರದಾನ! ಧೂಳು ಎಬ್ಬಿಸಿ ಜೋರಲೆ ಹೋಗಿಬಿಡು ಸಾಬಾ, ಧೂಳಿನಾಗ ಏನು ಹೋತು ಅಂತ ಯಾರಿಗೂ ತಿಳಿಯಂಗಿಲ್ಲ!"

"ಕಿಡಕಿ ಹಾಕ್ರಿ ಮಾಸ್ತರ್ರ!" ಎಂದು ಕಳಕವ್ವ ತಲೆ ತಗ್ಗಿಸಿದಳು.

ಫಕೀರಸಾಬ ಕಾಲು ಒತ್ತಿದ. ಮೋಟಾರು ಗುಡುಗುತ್ತ ಓಡಿತು. ಶಿವನಪ್ಪನಿಗೆ ಬದುವಿನ ಮೇಲೆ ಗಾಳೆವ್ವ ಕಂಡಳು. ತಲೆಯ ಮೇಲೆ ಸೆರಗು ಎಳೆದುಕೊಂಡು, ಕಾದ ಮಣ್ಣಿನ ಮೇಲೆ ಬರಿಗಾಲು ಎತ್ತಿ ಎತ್ತಿ ಇಡುತ್ತ, ಖಾಲಿ ತಂಬಿಗೆ ಬೋರಲು ಹಾಕಿ ಕೂತಿದ್ದಳು.

"ನಿಲ್ಲಸೋ ಫಕೀರಣ್ಣಾ," ಅಂದ ಶಿವನಪ್ಪ.

"ಏನಂದಿ?"

"ನಿಲ್ಲಸು."

"ತಲಿ ಕೆಟ್ಟೈತೇನು? ನಿನ್ನ ಮಗನ ಲಗ್ನ ಐತೋ!"

"ಐತಿ. ಬಾಯ್ತುಂಬ ಮನಿ ಮನಿ ಅಂತ ಹೇಳಕೊಂಡು ತಿರಗೀನಿ ನಾನು. ಮುದುಕಿ ಮನಿ ಮುಂದ ಬಿಸಲಾಗ ಕುಂತಿರೂಮುಂದ ಬಾಗಲಾ ಹಾಕ್ಕೊಂಡು ಓಡಿ ಹೋದ್ರ ಇದು ಮನಿ ಹ್ಯಾಂಗ ಆಗತೈತಿ? ಆಗೂದು ಆಗಲಿ, ನಿಲ್ಲಸು."

ಫಕೀರಸಾಬ ಬ್ರೇಕು ಹಾಕಿದ. ಒಳಗೆ ಪಾತ್ರೆ, ಮಾಸ್ತರರು, ಹಂಡೆ ಎಲ್ಲ ಒಂದೇ ಕಡೆ ಉರುಳಿದ ಸದ್ದಾಯಿತು. ಧೂಳು ಮೇಲಕ್ಕೆದ್ದು ಮೆಲ್ಲಗೆ ಇಳಿಯಿತು. ಲಕ್ಷ್ಮಪ್ಪನ ದನಿ ಕೇಳಿತು.

"ಅವ್ವಾ! ಅವ್ವಾ! ಗಜೇಂದ್ರಗಡದ ಮನಿ ಬಂದೈತಿ!"

"ಯಾವ ಮನಿ?"

"ನಿನ್ನೆ ನಾವು ಕುಂತು ಉಂಡಿದ್ದು!"

ಬಸ್ಸಿನ ಮಂದಿ ಬಾಯಿ ತೆರೆದು ನಿಂತರು. ಕಂಡಕ್ಟರ ಟೋಪಿ ತೆಗೆದು ಬೆವರು ಒರೆಸಿಕೊಂಡು, "ಮನಿ ಹ್ಯಾಂಗರಿ ಬರತೈತಿ?" ಎಂದು ಕೇಳಿದ. ಲಕ್ಷ್ಮಪ್ಪ ಓಡಿ ಬಂದು ಗೋಡೆ ಬಡಿದ. ಟಣ್ ಅಂದಿತು. ಕೆಳಗೆ ಬಗ್ಗಿ ಗಾಲಿ ನೋಡಿದ. ಎದ್ದು ಮತ್ತೆ ಗೋಡೆ ಬಡಿದ. ಶಿವನಪ್ಪ ಇಳಿದು ಹಿಂದಕ್ಕೆ ಹೋಗಿ ಬಾಗಿಲು ತೆರೆದು, ಮೆಟ್ಟಿಲು ಇಳಿಬಿಟ್ಟು, ಎರಡೂ ಕೈ ಜೋಡಿಸಿದ.

"ಬರ್ರಿ ಅವ್ವಾರ, ಬರ್ರಿ ಬೀಗರ. ಇದ ನಮ್ಮ ಮನಿ. ನರಗುಂದದ್ದೂ ಇದ, ಗಜೇಂದ್ರಗಡದ್ದೂ ಇದ. ಸಂಜಿಕ ಮುಟ್ಟಿದ್ರ ರೋಣದ್ದೂ ಇದ ಆಗತಿತ್ತು. ಮೊದಲ ನೆರಳಿಗೆ ಬರ್ರಿ, ನೀರು ಕುಡೀರಿ. ಬಯ್ಯೂದು ಆಮ್ಯಾಲೆ ಬಯ್ಯೀರಂತ."

ಗಾಳೆವ್ವ ಮೆಟ್ಟಿಲು ಹತ್ತಿ ಒಳಗೆ ಹೋಗಿ ಕೂತಳು. ಕಳಕವ್ವ ನೀರು ಕೊಟ್ಟಳು. ಆಕೆಯ ಹಿಂದೆ ಬಸ್ಸಿನಲ್ಲಿದ್ದ ಒಬ್ಬ ಬಸುರಿ, ಆಮೇಲೆ ಇಬ್ಬರು ಮುದುಕರು, ಆಮೇಲೆ ಯಾವ ಸಂಬಂಧವೂ ಇಲ್ಲದ ಕಂಡಕ್ಟರ. ಉಳಿದವರು ಮನೆಯ ನೆರಳಲ್ಲಿ ಕೂತರು. ಮಾಸ್ತರರು ಉಳಿದ ನೀರನ್ನು ಕಿಟಕಿಯಿಂದ ಎಲ್ಲರಿಗೂ ಹೊಯ್ದರು. ಹೆದರಿಕೆಗೋ ಏನೋ, ಅಂದು ಅವರಿಗೆ ಹೆಂಡತಿಯ ಮಡಿಯೇ ನೆನಪಾಗಲಿಲ್ಲ.

ಲಕ್ಷ್ಮಪ್ಪ ಮಾತ್ರ ಹೊರಗೆ ನಿಂತು ಕೆಂಡವಾಗಿದ್ದ.

"ಮೂರು ಮನಿ ಅಂತ ಬಂದ್ನಿ, ಒಂದಾತು! ಹೋಗಲಿ, ಅದರ ನಿಮ್ಮದ ಹೌದಲ್ಲೋ?"

"ಹೌದ್ರಿ," ಅಂದ ಶಿವನಪ್ಪ. ಇನ್ನು ಮುಚ್ಚಿಡುವುದು ಏನೂ ಉಳಿದಿರಲಿಲ್ಲ. "ಮೂರು ಪಾಲಿನಾಗ ಒಂದು ಪಾಲು ನಂದು."

"ಏನು! ಮೂರು ಮನಿ ಹೋಗಿ ಒಂದಾತು, ಒಂದು ಹೋಗಿ ಮೂರನೇ ಪಾಲು ಆತು! ಇನ್ನ ನಿಂತು ಕೇಳಿದ್ರ ಮೆಟ್ಟಲಾ ಒಂದ ನಿಮ್ಮದು ಅಂತೀರಿ!" ಲಕ್ಷ್ಮಪ್ಪ ತಲೆಯ ರುಮಾಲು ಕೊಡವಿದ. "ನಡಿ ಅವ್ವಾ. ಗಾಲಿ ಮ್ಯಾಲಿನ ಮನಿಗೆ ಮಗಳನ್ನ ಕೊಟ್ರ ನಾಳೆ ಎಲ್ಲಿ ಅಂತ ಹುಡುಕೂದು? ಈ ಸೋಯರಿಕಿ ಬ್ಯಾಡ."

ಶಿವನಪ್ಪ ತಲೆ ತಗ್ಗಿಸಿದ. ಅವನಿಗೆ ರೋಣದ ಕಟ್ಟೆ ತೊಳೆಯುತ್ತಿದ್ದ ಮಗನ ಮುಖ ಕಣ್ಣಿಗೆ ಕಟ್ಟಿತು. ಒಳಗೆ ಕಳಕವ್ವ ಸೆರಗು ಬಾಯಿಗಿಟ್ಟುಕೊಂಡಳು.

"ಬಾಯಿ ಮುಚ್ಚೋ ಲಕ್ಷ್ಮಪ್ಪಾ," ಎಂದು ಬಾಗಿಲಿನಿಂದ ಗಾಳೆವ್ವನ ದನಿ ಬಂತು. "ಹೊಳಿ ಬಂದಾಗ ನಮ್ಮ ಮನಿ ಏನು ಮಾಡತೈತಿ?"

"ಏನು ಮಾಡತೈತಿ? ಬೀಳತೈತಿ."

"ನಾನು ಸೊಸಿ ಆಗಿ ಮೆಣಸಗಿಗೆ ಬಂದಾಗಿಂದ ಬಿದ್ದದ್ದು ಕಟ್ಟೂದು, ಕಟ್ಟಿದ್ದು ಬೀಳೂದು ನೋಡಕೋಂತ ಬಂದೀನಿ. ಕೂಸಿದ್ದಾಗ ನಿನ್ನನ್ನ ತಲೀ ಮ್ಯಾಲೆ ಹೊತ್ತು ಎದಿಮಟ ನೀರಾಗ ನಿಂತೀನಿ. ಸ್ವಂತ ಮನಿ, ಸ್ವಂತ ಮನಿ ಅಂತ ಎದಿ ಬಡಕೋತೀಯಲ್ಲ, ಹೊಳಿ ಬಂದಾಗ ನಿನ್ನ ಸ್ವಂತ ಮನಿ ಎದ್ದು ಒಂದು ಹೆಜ್ಜಿ ಇಟ್ಟೈತೇನೋ? ಇದನ್ನ ನೋಡು. ಕರದಲ್ಲಿಗೆ ಬರತೈತಿ. ಕರೀದಿದ್ರೂ ಬಂದು ನೀರು ಕೊಡತೈತಿ. ಇಂಥಾ ಮನ್ಯಾಗ ನನ್ನ ಮೊಮ್ಮಗಳು ಮಳಿಗಾಲದಾಗ ಕಣ್ತುಂಬ ನಿದ್ದಿ ಮಾಡತಾಳ."

"ಆದ್ರ ಅವ್ವಾ, ಮೂರನೇ ಪಾಲು…"

"ಉಳಿದ ಎರಡು ಪಾಲಿನವ್ರು ಯಾರು?"

ಫಕೀರಸಾಬನೂ ಪ್ರಾಣೇಶ ಮಾಸ್ತರರೂ ಸಿಕ್ಕಿಬಿದ್ದ ಕಳ್ಳರಂತೆ ಬಂದು ನಿಂತರು. ಒಬ್ಬನ ಮೈಯೆಲ್ಲ ಎಣ್ಣೆ, ಇನ್ನೊಬ್ಬರ ಮೈಯೆಲ್ಲ ಹಂಡೆಯ ನೀರು. ಗಾಳೆವ್ವ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು.

"ಗೆಳ್ಯಾನ ಮಗನ ಲಗ್ನಕ್ಕಂತ ಊರಿಂದೂರಿಗೆ ಮನಿ ಹೊತ್ತು ತಿರಗ್ಯಾರ. ನಮ್ಮ ಓಣ್ಯಾಗ ಅಣ್ಣ ತಮ್ಮ ಕೂಡಿ ಒಂದು ಹೊರಸು ಎತ್ತಂಗಿಲ್ಲ. ನೀಲವ್ವಗ ಒಬ್ಬ ಮಾವ ಚಲೋ ಸಿಕ್ರ ಸಾಕಂತ ಹರಕಿ ಹೊತ್ತಿದ್ನಿ, ಮೂರು ಮಂದಿ ಸಿಕ್ಕಾರ. ಬಿಡೂದೇನು?"

ಬಸ್ಸಿನ ಮಂದಿ "ಹೌದ್ರಿ, ಹೌದ್ರಿ" ಅಂದರು. ನೀರು ಕುಡಿದ ಋಣಕ್ಕೆ ಕಂಡಕ್ಟರ ಎಲ್ಲರಿಗಿಂತ ಜೋರಾಗಿ ಅಂದ. ಅಷ್ಟು ಮಂದಿಯ ಎದುರು ಲಕ್ಷ್ಮಪ್ಪ ಎಷ್ಟು ಹೊತ್ತು ಸಿಟ್ಟು ಹಿಡಿದಾನು? ಅವನ ಕೈ ಮೆಲ್ಲಗೆ ಸಾಗುವಾನಿಯ ಮೇಲೆ ಆಡಿತು.

"ಆದ್ರ ಒಂದು ಮಾತು," ಎಂದು ಗಾಳೆವ್ವ ಬೆರಳೆತ್ತಿದಳು. "ಇಂಥಾ ಮನಿ ಇದ್ದು ನಮ್ಮ ಹುಡಿಗಿ ಬಂಡ್ಯಾಗ ಕುಂತು ಗಂಡನ ಮನಿಗೆ ಯಾಕ ಹೋಗಬೇಕು? ಹುಡಿಗಿ ಬರಂಗಿಲ್ಲ. ಮನೀನ ಮೆಣಸಗಿಗೆ ಬರಬೇಕು."

ಮನೆ ಬಂತು.

ಮದುವೆ ಮುಗಿದು ಹೆಣ್ಣು ಕಳಿಸುವ ಹೊತ್ತಿಗೆ ಲಕ್ಷ್ಮಪ್ಪನ ಮನೆಯ ಬಾಗಿಲಿಗೆ ಎದುರಾಗಿ ಇನ್ನೊಂದು ಬಾಗಿಲು ಬಂದು ನಿಂತಿತು. ಮೆಣಸಗಿ, ಸುತ್ತಲಿನ ಹಳ್ಳಿ ಎಲ್ಲ ಅಲ್ಲೇ ನೆರೆದಿದ್ದವು. ಹುಡುಗರು ಮಾಳಿಗೆ ಹತ್ತಿದ್ದರು. "ಹೆಣ್ಣು ಗಂಡನ ಮನಿಗೆ ಹೋಗೂದು ಹುಟ್ಟಿದಾಗಿಂದ ನೋಡೇವಿ, ಗಂಡನ ಮನೀನ ಹೆಣ್ಣಿನ ಮನಿಗೆ ಬರೂದು ಇವತ್ತ ನೋಡಿದ್ವಿ!" ಎಂದು ಹೆಂಗಸರು ಗಲ್ಲಕ್ಕೆ ಕೈ ಹಚ್ಚಿದರು. ನೀಲವ್ವ ತವರಿನ ಹೊಸ್ತಿಲು ದಾಟಿ ನಾಲ್ಕು ಹೆಜ್ಜೆ ಇಟ್ಟಳು. ಕಳಕವ್ವ ಹೊಸ್ತಿಲ ಮೇಲಿಟ್ಟ ಜೋಳ ತುಂಬಿದ ಸೇರನ್ನು ಬಲಗಾಲಿನಿಂದ ಒದ್ದು ಗಂಡನ ಮನೆ ಹೊಕ್ಕಳು. ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡಿದಳು. ದೇವಪ್ಪ ಅವಳ ಹಿಂದೆ ಹತ್ತಿದವನು ತಲೆಗೆ ಚೌಕಟ್ಟು ಬಡಿದರೂ ನಕ್ಕ.

ಶಿವನಪ್ಪ ತನ್ನ ಬಾಗಿಲಲ್ಲಿ ನಿಂತ. ಎಡಗಡೆ ಮಾಸ್ತರರು, ಮುಂದೆ ಇಂಜಿನ್ನಿನ ಹತ್ತಿರ ಸಲಾಕೆ ಹಿಡಿದ ಫಕೀರಸಾಬ. ಮೂವರೂ ಒಂದೇ ಬಣ್ಣದ ರುಮಾಲು ಸುತ್ತಿದ್ದರು. ಯಾರು ಮಾವ ಎಂದು ಕೇಳಿದವರಿಗೆ ಮೂವರೂ "ನಾನ" ಅಂದರು. ಶಿವನಪ್ಪನ ಎದೆ ಎಷ್ಟು ಉಬ್ಬಿತ್ತೆಂದರೆ ಅಂಗಿಯ ಗುಂಡಿಯೊಂದು ಕಿತ್ತು ಹೋಗಿ ಜನರಲ್ಲಿ ಬಿತ್ತು. ಅವನು ಅದನ್ನು ಹುಡುಕಲಿಲ್ಲ.

ಫಕೀರಸಾಬ ಸಲಾಕೆ ತಿರುವಿದ. ಮೋಟಾರು ಕೆಮ್ಮಿತು. ಮತ್ತೆ ತಿರುವಿದ. ಕೆಮ್ಮನ್ನೂ ನಿಲ್ಲಿಸಿತು. ಆಮೇಲೆ ಲಕ್ಷ್ಮಪ್ಪ ರುಮಾಲು ಬಿಗಿದು, ಧೋತರ ಎತ್ತಿ ಕಟ್ಟಿ, ಹಿಂದಕ್ಕೆ ಬಂದು ಸಾಗುವಾನಿಗೆ ಹೆಗಲು ಕೊಟ್ಟ.

"ಏನ್ ನೋಡತೀರಿ? ನಮ್ಮ ಬೀಗರ ಮನಿ ಐತಿ, ಕೈ ಹಚ್ಚರಿ!" ಎಂದು ಒದರಿದ.

ಗೌಡರು ಬಂದರು, ಶಾನಭೋಗರು ಬಂದರು, ಓಣಿಯ ಅಣ್ಣ ತಮ್ಮಂದಿರೂ ಒಂದಾಗಿ ಬಂದರು. ಊರೆಲ್ಲ ಕೂಡಿ ನೂಕಿತು. ಮನೆ ಒಂದು ಸಲ ಅಳ್ಳಾಡಿ ಮುಂದಕ್ಕೆ ಜಿಗಿಯಿತು. ಒಳಗೆ ಪಾತ್ರೆ ಉರುಳಿದವು, ನೀಲವ್ವ ಕಿಟಾರನೆ ಚೀರಿ ನಕ್ಕಳು. ಗಾಳೆವ್ವ ಕೋಲು ಎತ್ತಿಕೊಂಡು ಮಂದಿಯ ಹಿಂದೆ ಓಡಿ ಬಂದಳು.

"ಮೆಲ್ಲಕ ನೂಕ್ರೋ ನನ್ನ ಹಾಟ್ಯಾಗಳಿರಾ, ಒಳಗ ನಮ್ಮ ಹುಡಿಗಿ ಸಂಸಾರ ಐತಿ!"